ಎರಡು ಬಣ್ಣದ ರೆಕ್ಕೆ

ದಿಲ್ಲಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಕಡೆಗೆ ಮೆಟ್ರೊ ಇನ್ನೂ ಬಂದಿರದ ಕಾಲ. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತರು. ಅಮ್ಮ ಓಖ್ಲಾದ ಒಂದು ಗಾರ್ಮೆಂಟ್ ಯೂನಿಟ್ಟಿನಲ್ಲಿ ಬಟ್ಟೆಗೆ ಬೇಕಾದ ಚಿತ್ರಗಳನ್ನು ಟ್ರೇಸ್ ಮಾಡುತ್ತಿದ್ದಳು. ಕೆಲಸ ತಾತ್ಕಾಲಿಕ. ಅವಳದೇ ಡಿಸೈನ್ ಒಂದನ್ನು ಹೊರದೇಶದ ಬಯ್ಯರ್ ಒಪ್ಪಿದರೆ ಖಾಯಂ ಮಾಡುತ್ತೇನೆಂದು ಮಾಲೀಕರು ಹೇಳಿದ್ದರು. ಇಲ್ಲದಿದ್ದರೆ ಸೀಸನ್ ಮುಗಿದ ಮೇಲೆ ಮನೆ ದಾರಿ. ನಾನು ಆಗ ನಾಲ್ಕನೇ ಕ್ಲಾಸು ಮುಗಿಸಿದ್ದೆ. ಖಾಯಂ ಎಂಬ ಮಾತನ್ನು ಮನೆಯಲ್ಲಿ ಎಷ್ಟು ಕೇಳಿದ್ದೆನೆಂದರೆ ಅದು ನಮ್ಮ ಮನೆದೇವರ ಹೆಸರೆಂದು ಯಾರಾದರೂ ಹೇಳಿದ್ದರೂ ನಂಬುತ್ತಿದ್ದೆ.

ಆ ಬೇಸಿಗೆಯಲ್ಲಿ ಮಾಲೀಕರು ದರಿಯಾಗಂಜಿನ ಭಾನುವಾರದ ಸಂತೆಯಿಂದ ಒಂದು ಹಳೆಯ ಇಂಗ್ಲಿಷ್ ಪುಸ್ತಕ ತಂದರು. ಚಿಟ್ಟೆ, ಪತಂಗಗಳ ದಪ್ಪ ಪುಸ್ತಕ, ಒಳಗೆ ಕೈಯಿಂದ ಬಣ್ಣ ಹಚ್ಚಿದ ಚಿತ್ರಪುಟಗಳು. ಆ ಯೂನಿಟ್ಟಿನಲ್ಲಿ ಇಂಥ ಪುಸ್ತಕಗಳನ್ನು ಇಡಿಯಾಗಿ ಇಡುವ ಪದ್ಧತಿಯೇ ಇರಲಿಲ್ಲ. ಬೆನ್ನು ಕೊಯ್ದು ಚಿತ್ರಗಳನ್ನು ಡಿಸೈನಿನವರಿಗೆ ಹಂಚುತ್ತಿದ್ದರು. ಅಕ್ಷರದ ಪುಟಗಳು ರದ್ದಿಗೆ ಹೋಗುತ್ತಿದ್ದವು. ಹಾಗೆ ಅಮ್ಮನ ಪಾಲಿಗೆ ಬಂದ ಒಂದಷ್ಟು ಹಾಳೆಗಳು ಫೈಲಿನಲ್ಲಿ ಮನೆಗೂ ಬಂದವು.

ಅವಕ್ಕೆ ಹಳೆಯ ಟ್ರಂಕಿನ ವಾಸನೆ ಇತ್ತು. ಪ್ರತಿ ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ. ಅದನ್ನು ಎತ್ತದೆ ಕೆಳಗಿರುವುದು ಚಿಟ್ಟೆಯೋ ಪತಂಗವೋ ಹೇಳುವುದು ನನ್ನ ಮತ್ತು ಅಮ್ಮನ ಆಟ. ಮಾವಿನ ಹಣ್ಣು ತಿಂದ ಕೈಯಲ್ಲಿ ಮುಟ್ಟಿದರೆ ಮಾತ್ರ ಬೆನ್ನಿಗೆ ಬೀಳುತ್ತಿತ್ತು.

ಅಮ್ಮ ಆರಿಸಿಕೊಂಡ ಚಿಟ್ಟೆಯ ಎಡ ರೆಕ್ಕೆ ಕಣ್ಣು ಕುಕ್ಕುವ ನೀಲಿ, ಬಲ ರೆಕ್ಕೆ ಒಣಗಿದ ಎಲೆಯ ಬಣ್ಣ. ಅದನ್ನು ಹಾಗೆಯೇ ಬಿಡಿಸಿ ಮಾಲೀಕರಿಗೆ ಒಂದು ಪ್ರತಿ ಕೊಟ್ಟೂ ಆಗಿತ್ತು.

"ಅಮ್ಮಾ, ಯೇ ತೋ ಗಲತ್ ಹೈ. ಎರಡೂ ಸೈಡ್ ಸೇಮ್ ಇರತ್ತೆ," ಎಂದೆ.

"ನೂರು ವರ್ಷದ ಪುಸ್ತಕ ಕಣೇ. ಬರೆದೋರಿಗೆ ಗೊತ್ತಿರಲ್ವಾ? ನೀನೊಬ್ಬಳು ಬಂದೆ."

ಬಾಲ್ಕನಿಯ ಕುಂಡದಲ್ಲಿ ನಮ್ಮದೊಂದು ಕರಿಬೇವು ಇತ್ತು. ಊರಿಂದ ತಂದ ಗಿಡವಾದ್ದರಿಂದ ಅಮ್ಮ ಅದರ ಮೇಲೆ ಹುಳ ಕಂಡರೆ ಕಿತ್ತೆಸೆಯುತ್ತಿದ್ದಳು. ನಾನು ಗೋಗರೆದು ಒಂದನ್ನು ಉಳಿಸಿಕೊಂಡಿದ್ದೆ. ಅದು ಕಡ್ಡಿಗೆ ಅಂಟಿಕೊಂಡು ಕೋಶವಾಗಿತ್ತು.

ಒಂದು ಬೆಳಿಗ್ಗೆ ಅಮ್ಮ ಟಿಫಿನ್ ಡಬ್ಬಿ ಹಿಡಿದು ಹೊರಡುವಾಗ ಕೋಶ ಬಿರಿಯಿತು. ನಾನು ಕೂಗಿದೆ. ಬೈಯಲೆಂದೇ ಬಂದವಳು ಅಲ್ಲೇ ಕೂತಳು. ಮುದುಡಿದ ರೆಕ್ಕೆ ನಿಧಾನವಾಗಿ ಹರಡಿತು. ಮುಚ್ಚಿದಾಗ ಹೊರಗೆ ಮಾಸಲು ಕಪ್ಪು, ಅಂಚಿನಲ್ಲಿ ಕೆಂಪು ಚುಕ್ಕೆ. ಬಿಚ್ಚಿದಾಗ ಒಳಗೆ ಗಾಢ ಕಪ್ಪು, ಬಿಳಿ ಪಟ್ಟಿ. ಕೆಳಗೆ ಅಮ್ಮನನ್ನು ಕೆಲಸಕ್ಕೆ ಒಯ್ಯುವ ಚಾರ್ಟರ್ಡ್ ಬಸ್ಸು ಹಾರ್ನ್ ಮಾಡಿ ಮಾಡಿ ಹೋಯಿತು. ಅಮ್ಮ ಏಳಲಿಲ್ಲ. ಆಮೇಲೆ ಒಳಗೆ ಹೋಗಿ ಚಿತ್ರಪುಟ ತಂದು ಚಿಟ್ಟೆಯ ಪಕ್ಕ ಹಿಡಿದಳು.

"ಅಯ್ಯೋ, ಬಲಗಡೆದು ರೆಕ್ಕೆಯ ಹಿಂಭಾಗ ಕಣೇ! ಮುಂದಿಂದು ಹಿಂದಿಂದು ಎರಡೂ ಒಂದೇ ಚಿತ್ರದಲ್ಲಿ ತೋರಿಸಿದಾರೆ. ನಾನು ಪೆದ್ದಿ."

ಅದನ್ನು ವಿವರಿಸುವ ಪುಟ ಅಷ್ಟು ಹೊತ್ತಿಗೆ ಯಾವುದೋ ಅಂಗಡಿಯಲ್ಲಿ ಸಮೋಸಾ ಕಟ್ಟುತ್ತಿದ್ದಿರಬೇಕು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡಬ್ಬಿ ಬಿಚ್ಚಿ ಇಬ್ಬರೂ ಅಲ್ಲೇ ಚಿತ್ರಾನ್ನ ತಿಂದೆವು. ನನಗೆ ಅಷ್ಟು ಸುಖವಾದ ಬೆಳಿಗ್ಗೆ ಮತ್ತೆ ಬಂದದ್ದು ಕಡಿಮೆ.

ಎರಡೂ ರೆಕ್ಕೆ ನೀಲಿಯಾಗಿರುವ ಹೊಸ ಚಿತ್ರ ಬರೆದುಕೊಂಡು ಅಮ್ಮ ಆಫೀಸಿಗೆ ಹೋದಳು. ಮಾಲೀಕರು ನಕ್ಕರಂತೆ: "ಅರೆ ಮೇಡಂ, ನಾವು ಮಾರೋದು ಕಪಡಾ, ಚಿಟ್ಟೆ ಅಲ್ಲ." ಬಯ್ಯರ್ ಮುಂದೆ ಎರಡನ್ನೂ ಇಟ್ಟರು. ಆತ ತಪ್ಪು ಚಿತ್ರವನ್ನು ಎತ್ತಿಕೊಂಡ. ಇಂಥದ್ದು ಎಲ್ಲೂ ನೋಡಿಲ್ಲ ಎಂದನಂತೆ. ಅದು ನಿಜವೇ.

ಅಮ್ಮ ಖಾಯಂ ಆದಳು. ಅಪ್ಪ ಜಿಲೇಬಿ ತಂದರು. ನಾನೂ ಕುಣಿದೆ, ಆದರೆ ಒಳಗೊಳಗೆ ಪೆಚ್ಚಾಗಿದ್ದೆ. ಮುಂದೆ ಅಮ್ಮ ರಿಟೈರ್ ಆಗುವವರೆಗೂ ಎಡ ಒಂದು ಬಣ್ಣ, ಬಲ ಒಂದು ಬಣ್ಣದ ಹೂವು, ಹಕ್ಕಿ, ಮೀನುಗಳನ್ನು ಬಿಡಿಸಿದಳು.

ಈಗ ನಾವು ಘಾಜಿಯಾಬಾದಿನ ಫ್ಲ್ಯಾಟಿನಲ್ಲಿದ್ದೇವೆ. ಮೊನ್ನೆ ಗುರುಗ್ರಾಮದ ಒಂದು ಕೆಫೆಯ ಗೋಡೆಯಲ್ಲಿ ಅಂಥದೇ ಹಳೆಯ ಚಿಟ್ಟೆಯ ಹಾಳೆ ಕಂಡಿತು, ಗಾಜಿನ ಚೌಕಟ್ಟಿನಲ್ಲಿ. ಫೋಟೊ ತೆಗೆದು ಅಮ್ಮನಿಗೆ ತೋರಿಸಿದೆ.

"ಹಾಂ, ಇಂಥದ್ದೇ. ಬಯ್ಯರ್‌ಗೆ ತುಂಬಾ ಇಷ್ಟ ಆಗಿತ್ತು," ಎಂದಳು.

"ಚಿಟ್ಟೆ ಹೊರಗೆ ಬಂದಿದ್ದು ನೋಡ್ತಾ ಕೂತಿದ್ವಲ್ಲ ಅಮ್ಮ, ನಿನ್ನ ಬಸ್ಸೂ ಹೋಗಿಬಿಟ್ಟಿತ್ತು, ನೆನಪಿದ್ಯಾ?"

ಅಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ನಾನು ಬಸ್ ಬಿಟ್ಟೆನಾ? ಛೆ! ಅಷ್ಟು ವರ್ಷದಲ್ಲಿ ಒಂದು ದಿನಾನೂ ಬಿಟ್ಟಿಲ್ಲ," ಎಂದಳು, ಹೆಮ್ಮೆಯಿಂದ.

ಪುಸ್ತಕ ಹರಿದು ಹಂಚಿಹೋದದ್ದಕ್ಕೆ ನನಗೀಗ ಅಂಥ ಬೇಸರವಿಲ್ಲ. ಆ ಬೆಳಿಗ್ಗೆ ಮಾತ್ರ ಇಬ್ಬರದಾಗಿತ್ತು, ಈಗ ನನ್ನೊಬ್ಬಳದು.