ಗಾಜಿನಕ್ಕ ಕಾದಿದ್ದ ಒಂದು ವಾಕ್ಯ

ಸಮ್ಮೇಳನ ಭವನದಲ್ಲಿ ಅವಳನ್ನು ಎಲ್ಲರೂ ಗಾಜಿನಕ್ಕ ಎನ್ನುತ್ತಿದ್ದರು. ಸಭಾಂಗಣದ ಹಿಂಗೋಡೆಗೆ ಅಂಟಿಕೊಂಡ ಗಾಜಿನ ಗೂಡಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೆಳಗಿನ ನಿಯೋಗಿಗಳ ಮಾತನ್ನು ಬಿದ್ದಬಿದ್ದ ಹಾಗೆಯೇ ಇನ್ನೊಂದು ಭಾಷೆಗೆ ದಾಟಿಸುವುದು ಅವಳ ಕೆಲಸ. ದುಭಾಷಿಗಳಿಗೆ ಒಂದು ಕಟ್ಟಳೆಯಿದೆ: ಮಾತಾಡುವವನು ‘ನಾನು’ ಎಂದರೆ ದುಭಾಷಿಯೂ ‘ನಾನು’ ಎನ್ನಬೇಕು. ಹಾಗಾಗಿ ಗಾಜಿನಕ್ಕ ಬೆಳಿಗ್ಗೆ ಮನೆಯವರ ಬಟ್ಟೆಯೆಲ್ಲ ಒಣಹಾಕಿ, ಅತ್ತೆಗೆ ಮಾತ್ರೆ ಕೊಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ಬಂದು, ‘ನನ್ನ ಕ್ಷಿಪಣಿಗಳಲ್ಲಿ ಒಂದನ್ನೂ ನಾನು ಬಿಟ್ಟುಕೊಡುವುದಿಲ್ಲ’ ಎಂದು ತಣ್ಣಗೆ ಹೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎರಡು ಖಂಡಗಳಿಗೆ ಬೆದರಿಕೆ ಹಾಕಿ ಮುಗಿಸಿ, ಕ್ಯಾಂಟೀನಿನ ಮೂಲೆಯಲ್ಲಿ ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

ಸಮ್ಮೇಳನ ನಡೆಯುತ್ತಿದ್ದದ್ದು ಅಸ್ತ್ರಗಳನ್ನು ಕಡಿಮೆ ಮಾಡುವುದಕ್ಕೆ. ಇಷ್ಟು ವರ್ಷಗಳಲ್ಲಿ ಕಡಿಮೆಯಾದದ್ದು ನಿಯೋಗಿಗಳ ತಲೆಗೂದಲು ಮಾತ್ರ. ಒಂದು ಬಣದ ಮುಖಂಡನಿಗೆ ದಪ್ಪ ಮೀಸೆ, ಇನ್ನೊಂದು ಬಣದವನಿಗೆ ಬಿಡದ ಕೆಮ್ಮು. ‘ಮೊದಲು ನಿಮ್ಮ ಅಸ್ತ್ರಗಳ ಉಗ್ರಾಣ ತೆರೆದು ತೋರಿಸಿ, ಒಡೆಯುವ ಮಾತು ಆಮೇಲೆ’ ಎಂದು ಮೀಸೆಯವನ ಪಟ್ಟು. ‘ಮೊದಲು ನೀವು ಒಡೆಯಿರಿ, ತೋರಿಸುವ ಮಾತು ಆಮೇಲೆ’ ಎಂದು ಕೆಮ್ಮಿನವನ ಪಟ್ಟು. ಒಬ್ಬರು ತಲೆಯಾಡಿಸದಿದ್ದರೂ ಮಾತು ಮುಂದಕ್ಕೆ ಹೋಗದ ಸಭೆ ಅದು. ಎಲ್ಲರೂ ಒಪ್ಪಿದರೆ ಮಾತ್ರ ಅಧ್ಯಕ್ಷರು ಸುತ್ತಿಗೆ ಕುಟ್ಟಿ ಒಂದು ಮಾತು ಹೇಳುತ್ತಾರೆ: ‘ಆಕ್ಷೇಪಣೆ ಕೇಳಿಬರಲಿಲ್ಲ, ಹಾಗೆಂದು ತೀರ್ಮಾನವಾಯಿತು.’ ಗಾಜಿನಕ್ಕ ಈ ವಾಕ್ಯವನ್ನು ಊಟದ ವಿರಾಮಕ್ಕೆ ಹೇಳಿದ್ದಳು, ಕುರ್ಚಿ ಬದಲಿಸುವುದಕ್ಕೆ ಹೇಳಿದ್ದಳು. ಒಂದೇ ಒಂದು ಅಸ್ತ್ರದ ಬಗ್ಗೆ ಹೇಳಿರಲಿಲ್ಲ. ಈ ಅಧಿವೇಶನ ಮುಗಿದರೆ ಅವಳಿಗೆ ನಿವೃತ್ತಿ. ಹೋಗುವ ಮುಂಚೆ ಒಮ್ಮೆ ಆ ವಾಕ್ಯ ತನ್ನ ಬಾಯಿಂದ ಬರಲಿ ಎಂಬುದಷ್ಟೇ ಅವಳ ಆಸೆ. ಯಾರಿಗೂ ಹೇಳಿಕೊಂಡಿರಲಿಲ್ಲ, ಹೇಳಿಕೊಂಡರೆ ನಗುತ್ತಾರೆ.

ಮನೆಯಲ್ಲೂ ಅವಳಿಗೆ ಇದೇ ಕೆಲಸ, ಸಂಬಳವಿಲ್ಲ ಎಂಬುದೊಂದೇ ವ್ಯತ್ಯಾಸ. ನಡುಮನೆಯ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ವಿಷಯಕ್ಕೆ ಅತ್ತೆಗೂ ಅವರ ಮಗನಿಗೂ ಎಂದೋ ಮಾತು ನಿಂತಿತ್ತು. ಕಿಟಕಿ ಅಂದಿನಿಂದ ಅರ್ಧ ತೆರೆದೇ ಇತ್ತು. ಅದರಿಂದ ಇಬ್ಬರಿಗೂ ಸಮಾಧಾನವಿರಲಿಲ್ಲ. ಒಂದೇ ಸೋಫಾದ ಎರಡು ತುದಿಗೆ ಕೂತು ಅತ್ತೆ ‘ನಿನ್ನ ಗಂಡಂಗೆ ಹೇಳು’ ಎನ್ನುವರು, ಗಂಡ ‘ಅಮ್ಮಂಗೆ ಹೇಳು’ ಎನ್ನುವನು. ಗಾಜಿನಕ್ಕ ಒಲೆಯ ಮುಂದಿನಿಂದ ಬಂದು ಹೇಳಿ ಹೋಗುವಳು. ಭವನದಲ್ಲಿ ಒಂದಕ್ಷರ ತಿದ್ದುವಂತಿಲ್ಲ, ಮನೆಯಲ್ಲಿ ತಿದ್ದದಿದ್ದರೆ ಬದುಕಿಲ್ಲ. ‘ಅವನಿಗೇನು ಕಿವಿ ಸತ್ತಿದೆಯಾ’ ಎಂಬುದು ಅವಳ ಬಾಯಲ್ಲಿ ‘ಟೀವಿ ಸ್ವಲ್ಪ ಸಣ್ಣ ಮಾಡ್ಬೇಕಂತೆ ರೀ’ ಎಂದಾಗುತ್ತಿತ್ತು.

ಅಧಿವೇಶನದ ಕೊನೆಯ ದಿನ ಬಂತು. ಸಂಜೆ ಆರಕ್ಕೆ ಸಭೆಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಒಪ್ಪಂದವಾಗದಿದ್ದರೆ ಇಡೀ ಮಾತುಕತೆಯೇ ಬರಖಾಸ್ತು. ಐದು ಮುಕ್ಕಾಲು ದಾಟಿದರೂ ಮೀಸೆ ಬಾಗಲಿಲ್ಲ, ಕೆಮ್ಮು ನಿಲ್ಲಲಿಲ್ಲ. ಇಂಥ ಹೊತ್ತಿಗೆಂದೇ ಭವನದಲ್ಲಿ ಹಳೆಯ ಪದ್ಧತಿಯೊಂದಿತ್ತು. ಅಧ್ಯಕ್ಷರು ಕಣ್ಸನ್ನೆ ಮಾಡಿದರು. ಜವಾನ ಏಣಿ ಹಾಕಿ, ಗೋಡೆ ಗಡಿಯಾರದ ಸೆಲ್ ತೆಗೆದು ಜೇಬಿಗಿಟ್ಟುಕೊಂಡ. ಗಡಿಯಾರ ನಿಂತಿತು. ಅದು ನಿಂತಿರುವವರೆಗೆ ಆರಾಗುವುದಿಲ್ಲ, ಸಭೆ ಮುಗಿಯುವುದಿಲ್ಲ. ಮನೆಯಲ್ಲಿ ಊಟ ಬಿಸಿ ಮಾಡಿಟ್ಟು ಕಾಯುವವರಿದ್ದರೆ ಕಾಲವನ್ನು ಹೀಗೆ ನಿಲ್ಲಿಸುವುದು ಬಹಳ ಸುಲಭ ಎಂದು ಗಾಜಿನಕ್ಕ ಗೂಡಿನೊಳಗೆ ಅಂದುಕೊಂಡಳು.

ಆದರೆ ಈ ಸಲ ಒಂದು ಎಡವಟ್ಟಾಯಿತು. ಹಗಲಿನ ದುಭಾಷಿಗಳ ಪಾಳಿ ಆರಕ್ಕೆ ಮುಗಿಯುವುದು ಅವರವರ ಕೈಗಡಿಯಾರದ ಪ್ರಕಾರ. ಅವಳ ಜೊತೆಗಾರ ಹೆಡ್‌ಫೋನ್ ಕಳಚಿ, ಮೈಕಿನ ಗುಂಡಿ ಆರಿಸಿ, ಕೋಟು ಹಾಕಿಕೊಂಡು ಹೊರಟೇಬಿಟ್ಟ. ಉಳಿದ ಗೂಡುಗಳೂ ಖಾಲಿಯಾದವು. ಸಂಜೆ ಪಾಳಿಯವರು ಪಕ್ಕದ ಕೋಣೆಯಲ್ಲೇ ಇದ್ದರು. ಅವರಿಗಿದ್ದ ಆದೇಶ, ಸಭಾಂಗಣದ ಗಡಿಯಾರದಲ್ಲಿ ಆರಾದ ಮೇಲೆ ಬನ್ನಿ ಎಂದು. ಅದರಲ್ಲಿ ಆರಾಗುತ್ತಲೇ ಇರಲಿಲ್ಲ. ಹಾಗಾಗಿ ಅವರು ಕಾಫಿ ಕುಡಿಯುತ್ತ ಕೂತರು. ಸೆಲ್ ಹಾಕಿದರೆ ದುಭಾಷಿಗಳು ಬರುತ್ತಾರೆ, ಆದರೆ ಸಭೆ ಸತ್ತುಹೋಗುತ್ತದೆ. ಅಧ್ಯಕ್ಷರು ತಲೆ ಕೆರೆದುಕೊಂಡು ವಿರಾಮ ಘೋಷಿಸಿದರು.

ಪಾಳಿ ಮುಗಿದು ಗೂಡಿನಿಂದ ಇಳಿದರೂ ಗಾಜಿನಕ್ಕ ಮಾತ್ರ ಬಸ್ಸಿಗೆ ಹೋಗದೆ ಮೊಗಸಾಲೆಯಲ್ಲಿ ನಿಂತಳು. ಸೆಲ್ ಜವಾನನ ಜೇಬಿನಲ್ಲಿ ಇರುವವರೆಗೆ ಗೂಡಿಗೆ ಬೇರೆ ಯಾರೂ ಬರುವಂತಿಲ್ಲ. ಆ ವಾಕ್ಯ ಹುಟ್ಟುವುದಾದರೆ ಈಗ ಹುಟ್ಟಬೇಕು.

ಅಲ್ಲಿ ನೀರಿನ ಡಬ್ಬಿಯ ಹತ್ತಿರ ಮೀಸೆಯವನೂ ಕೆಮ್ಮಿನವನೂ ಎದುರುಬದುರಾಗಿದ್ದರು. ಇಬ್ಬರಿಗೂ ಅರೆಬರೆ ಗೊತ್ತಿದ್ದ ಮೂರನೆಯ ಭಾಷೆಯೊಂದಿತ್ತು. ಶಾಲೆಯಲ್ಲಿ ಕಲಿತು ಮರೆತದ್ದು. ‘ಪರಸ್ಪರ ವಿಶ್ವಾಸದ ಹಿನ್ನೆಲೆಯಲ್ಲಿ’, ‘ಪೂರ್ವಭಾವಿ ಪರಿಶೀಲನೆಗೆ ಒಳಪಟ್ಟು’ ಎಂಬುದಕ್ಕೆಲ್ಲ ಅದರಲ್ಲಿ ಇಬ್ಬರಿಗೂ ಮಾತು ಬರುತ್ತಿರಲಿಲ್ಲ.

“ನೀವು ತೋರ್ಸಿ ಒಂದು ಉಗ್ರಾಣ,” ಎಂದ ಮೀಸೆಯವನು. “ಅದೇ ದಿನ, ಅದೇ ಒಡೀರಿ.”

“ನೀವೂ ಒಂದು?” ಎಂದ ಕೆಮ್ಮಿನವನು.

“ನಾವೂ ಒಂದು. ಅದೇ ದಿನ.”

“ಆಮೇಲೆ?”

“ಆಮೇಲೆ ಇನ್ನೊಂದು.”

ಕೆಮ್ಮಿನವನು ಕೆಮ್ಮುವುದನ್ನೂ ಮರೆತು ನಿಂತ. ಗಾಜಿನಕ್ಕನಿಗೆ ಹೊಟ್ಟೆ ತಣ್ಣಗಾಯಿತು, ಜೊತೆಗೆ ಸಣ್ಣಗೆ ಉರಿಯಿತು. ಇಷ್ಟು ವರ್ಷ ಇವರ ಉದ್ದುದ್ದ ವಾಕ್ಯಗಳನ್ನು ಬೆವರು ಹರಿಸಿ, ಒಂದು ವಿಶೇಷಣವೂ ಬಿಡದಂತೆ ದಾಟಿಸಿದ್ದಳು. ತಾನು ಅತ್ತ ಸರಿದ ಕೂಡಲೇ ಮಹಾರಾಯರು ಮಕ್ಕಳ ಭಾಷೆಯಲ್ಲಿ ಮುಗಿಸಿಕೊಂಡರು.

ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು. ಗಂಡ.

“ಎಲ್ಲಿದ್ದೀಯ? ಏಳಾಗ್ತಾ ಬಂತು.”

“ಇಲ್ಲಿನ್ನೂ ಆರಾಗಿಲ್ಲ ರೀ.”

ಗಂಡ ಅದಕ್ಕೆ ಕಿವಿಗೊಡದೆ, ಅಮ್ಮ ಊಟ ಮಾಡ್ತಾಳೋ ಇಲ್ಲವೋ ಕೇಳಿ ಹೇಳು ಎಂದು ಫೋನನ್ನು ಪಕ್ಕದಲ್ಲೇ ಇದ್ದ ತಾಯಿಯ ಕಿವಿಗೆ ಹಿಡಿದ. ಅತ್ತೆಯೂ ಅಷ್ಟೇ ಗಂಭೀರವಾಗಿ, ಊಟಕ್ಕೆ ಮುಂಚಿನ ಮಾತ್ರೆ ಕಪಾಟಿನ ಮೇಲಿನ ಅರೆಯಲ್ಲಿದೆ, ಎಟುಕುವುದಿಲ್ಲ, ನಿನ್ನ ಗಂಡಂಗೆ ಹೇಳು ಎಂದರು. ಅದೇ ಹೊತ್ತಿಗೆ ಒಳಗೆ ಗಂಟೆ ಬಾರಿಸಿದರು. ಇಬ್ಬರೂ ಒಪ್ಪಿದ ಸುದ್ದಿ ಅಧ್ಯಕ್ಷರಿಗೆ ಮುಟ್ಟಿ, ಸಭೆ ಮತ್ತೆ ಸೇರುತ್ತಿತ್ತು. ಅಧ್ಯಕ್ಷರು ಬಾಗಿಲಿಗೇ ಬಂದು, “ಅಕ್ಕ, ಒಂದೇ ಒಂದು ವಾಕ್ಯಕ್ಕೆ ಗೂಡಿಗೆ ಬರ್ತೀರಾ?” ಎಂದರು.

“ಅತ್ತೆ, ನೀವೇ ಹೇಳಿ,” ಎಂದಳು ಗಾಜಿನಕ್ಕ. “ನಿಮ್ಮ ಮಗ ಪಕ್ಕದಲ್ಲೇ ನಿಂತಿದಾರೆ. ನಾನೀಗ ಬೇರೆ ಕಡೆ ಡ್ಯೂಟಿ ಮೇಲಿದೀನಿ.”

ಫೋನ್ ಆರಿಸಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಮಾತನ್ನು ಅರ್ಧದಲ್ಲಿ ಬಿಟ್ಟದ್ದು ಅದೇ ಮೊದಲು. ಆಮೇಲೆ ಮನೆಗೆ ಹೋದಾಗ ಊಟ, ಮಾತ್ರೆ ಎರಡೂ ಆಗಿದ್ದವು. ತಾಯಿಮಗ ಸೋಫಾದ ಮಧ್ಯದಲ್ಲೇ ಕೂತು, ಅವಳ ಮೇಲೆ ಒಟ್ಟಾಗಿ ಸಿಟ್ಟು ಮಾಡಿಕೊಂಡಿದ್ದರು. ಆ ಮನೆಯಲ್ಲಿ ಅಂಥ ಒಮ್ಮತ ಅವಳು ಕಂಡಿರಲಿಲ್ಲ.

ಅದು ಆಮೇಲಿನ ಮಾತು. ಈಗ ಅವಳು ಮೆಟ್ಟಿಲು ಹತ್ತಿ ಗೂಡು ಸೇರಿದಳು, ಒಂದು ಗುಟುಕು ನೀರು ಕುಡಿದಳು, ಮೈಕಿನ ಗುಂಡಿ ಒತ್ತಿದಳು. ಅಧ್ಯಕ್ಷರು ಒಪ್ಪಂದ ಓದಿದರು: ಒಂದೇ ದಿನ ಎರಡೂ ಕಡೆ ಒಂದೊಂದು ಉಗ್ರಾಣ, ತೋರಿಸುವುದು, ಒಡೆಯುವುದು, ಆಮೇಲೆ ಮುಂದಿನದು. ಯಾರದಾದರೂ ಆಕ್ಷೇಪಣೆಯಿದೆಯೇ ಎಂದು ಕೇಳಿದರು. ಮೀಸೆಯವನು ಮೇಜು ನೋಡಿದ. ಕೆಮ್ಮಿನವನು ಬಂದ ಕೆಮ್ಮನ್ನು ಕರವಸ್ತ್ರದಲ್ಲಿ ಒತ್ತಿ ಹಿಡಿದ, ಅದನ್ನೇ ಯಾರಾದರೂ ಆಕ್ಷೇಪಣೆ ಎಂದುಕೊಂಡುಬಿಟ್ಟರೆ ಎಂದು. ಸಭಾಂಗಣದಲ್ಲಿ ದಾಟಿಸಲು ಏನೂ ಇಲ್ಲದ ಮೌನ. ಗಾಜಿನಕ್ಕ ಮೈಕು ತೆರೆದಿಟ್ಟುಕೊಂಡು ಅದನ್ನೂ ಪೂರ್ತಿ ಕೇಳಿಸಿಕೊಂಡಳು.

ಸುತ್ತಿಗೆ ಬಿತ್ತು. ಅಧ್ಯಕ್ಷರು ವಾಕ್ಯ ಹೇಳಿದರು.

“ಆಕ್ಷೇಪಣೆ ಕೇಳಿಬರಲಿಲ್ಲ,” ಎಂದಳು ಗಾಜಿನಕ್ಕ, “ಹಾಗೆಂದು ತೀರ್ಮಾನವಾಯಿತು.” ಹೇಳಿ ಮುಗಿಸಿ ಒಂದುಸಿರು ನಿಂತಳು. ಆಮೇಲೆ, ಅಧ್ಯಕ್ಷರು ಒಂದೇ ಸಲ ಹೇಳಿದ್ದ ಆ ಮಾತನ್ನು, ಕಟ್ಟಳೆಯೆಲ್ಲ ಬದಿಗಿಟ್ಟು, ಇನ್ನೊಂದು ಸಲ ಹೇಳಿದಳು. ಕೆಳಗೆ ಕೂತ ನಿಯೋಗಿಗಳು ಮತ್ತೊಮ್ಮೆ ತಲೆಯಾಡಿಸಿದರು.