ಹುಳುಮನೆಯ ಬಾಗಿಲು

ಕೂಟಗಲ್ ಸುತ್ತಮುತ್ತ ಮಾಯಮ್ಮನ ರೇಷ್ಮೆ ಹುಳುಮನೆಯೊಳಗೆ ಕಾಲಿಡುವ ಧೈರ್ಯ ಮಾಡಿದವರು ಕಡಿಮೆ. ಸ್ವಂತ ಅಣ್ಣ ಮಗಳ ಮದುವೆಯ ಲಗ್ನಪತ್ರಿಕೆ ಹಿಡಿದು ಬಂದಾಗಲೂ, ಜೇಬಿನಲ್ಲಿ ಬೀಡಿಕಟ್ಟು ಇದೆ ಎಂಬ ಒಂದೇ ಕಾರಣಕ್ಕೆ ಅವನನ್ನು ಹೊರಗಿನ ಕಲ್ಲಿನ ಮೇಲೆ ಕೂರಿಸಿ, ಅಲ್ಲೇ ಪತ್ರಿಕೆ ಈಸಿಕೊಂಡು ಕಳಿಸಿದವಳು ಅವಳು. ಗಂಡ ಚನ್ನಯ್ಯನಿಗೂ ರಿಯಾಯಿತಿ ಇರಲಿಲ್ಲ. ಟೊಮ್ಯಾಟೊ ಗಿಡಕ್ಕೆ ಔಷಧಿ ಹೊಡೆದು ಬಂದ ದಿನ ಅವನು ಎಷ್ಟು ಸೋಪು ತಿಕ್ಕಿ ಮಿಂದರೂ ಊಟ ಹೊಸ್ತಿಲ ಆಚೆಯೇ. ನನ್ನ ಹೆಂಡತಿಗೆ ನನಗಿಂತ ಹುಳುಗಳೇ ಹೆಚ್ಚು ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವಳ ಬಿಗಿಗೆ ಕಾರಣವಿತ್ತು. ದೊಡ್ಡಮಳೂರಿನ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ, ಸೊಳ್ಳೆ ಕಾಟ ಎಂದು ಪಕ್ಕದ ಕೋಣೆಯಲ್ಲಿ ಯಾರೋ ಸೊಳ್ಳೆಬತ್ತಿ ಹಚ್ಚಿಟ್ಟಿದ್ದರು. ಬೆಳಗ್ಗೆ ನೋಡಿದರೆ ತಟ್ಟೆ ತಟ್ಟೆಗಳ ಹುಳುಗಳೆಲ್ಲ ಹಸಿರು ಕಕ್ಕಿಕೊಂಡು ಸತ್ತು ಬಿದ್ದಿದ್ದವು. ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ಸೆರಗು ಬಾಯಿಗಿಟ್ಟುಕೊಂಡು ಕೂತುಬಿಟ್ಟರು. ಆ ಮುಖವನ್ನು ಮಾಯಮ್ಮ ಮರೆತವಳಲ್ಲ. ಅತ್ತೆ ಕಾಲವಾದ ಮೇಲೆ ಹುಳುಮನೆ ಅವಳ ಕೈಗೆ ಬಂತು. ಊರಿನಿಂದ ಒಂದಿಷ್ಟು ದೂರ, ಹಿಪ್ಪುನೇರಳೆ ತೋಟದ ನಡುವೆ ಹೊಸದಾಗಿ ಕಟ್ಟಿಸಿದರು. ಬಾಗಿಲ ಒಳಗೇ ಒಂದು ಹಗ್ಗದ ಮಂಚ ಹಾಕಿಕೊಂಡಳು. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಅವಳ ಊಟ, ನಿದ್ದೆ, ಜಗಳ ಎಲ್ಲ ಆ ಮಂಚದ ಮೇಲೆಯೇ. ಮಗ ಬೈರೇಶನನ್ನು ಓದಿಸಿದ್ದು, ಸೊಸೆ ವರಲಕ್ಷ್ಮಿಗೆ ಸರ ಮಾಡಿಸಿದ್ದು, ಎಲ್ಲವೂ ಆ ಹುಳುಗಳ ಪುಣ್ಯ ಎಂದು ಅವಳು ಕೈ ಮುಗಿಯುತ್ತಿದ್ದಳು.

ಆಕಾಶದಲ್ಲಿ ವಿಮಾನ ಹೋದರೂ ಅವಳಿಗೆ ಕೋಪ. ವಾಯುಪಡೆಯ ತರಬೇತಿ ವಿಮಾನಗಳು ಆಗಾಗ ಬೆಟ್ಟಗಳ ಮೇಲೆ ಗುಡುಗಿಕೊಂಡು ಹೋಗುತ್ತಿದ್ದವು. ಹುಡುಗರು ಟೋಪಿ ಬೀಸಿ ಕುಣಿದರೆ ಮಾಯಮ್ಮ ತಲೆ ಎತ್ತಿ ಶಾಪ ಹಾಕುತ್ತಿದ್ದಳು. ಆ ಸದ್ದಿಗೆ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸುತ್ತವಂತೆ. ರೇಷ್ಮೆ ಇಲಾಖೆಯವರು ಹಾಗೇನೂ ಇಲ್ಲ ಎಂದರೂ ಅವಳು ಕೇಳುವವಳಲ್ಲ.

ಆ ಮಧ್ಯಾಹ್ನ ಸದ್ದು ಬೇರೆ ಥರ ಬಂತು. ಕೆಮ್ಮಿದ ಹಾಗೆ ಎರಡು ಸಲ, ಆಮೇಲೆ ನಿಂತೇಹೋಯಿತು. ಸ್ವಲ್ಪ ಹೊತ್ತಿಗೆ ಬೆಟ್ಟದ ಆಚೆ ನೆಲ ನಡುಗಿ, ಕಪ್ಪು ಹೊಗೆ ಎದ್ದಿತು. ಬೆಟ್ಟದ ಮೇಲೆ ಸುತ್ತುವ ಹದ್ದೊಂದು ಇಂಜಿನ್ನಿಗೆ ಸಿಕ್ಕಿತ್ತು ಎಂದು ಆಮೇಲೆ ಗೊತ್ತಾಯಿತು. ಒಬ್ಬನೇ ಇದ್ದ ಪೈಲಟ್ ಊರಿನ ಮೇಲೆ ಬೀಳದಂತೆ ವಿಮಾನವನ್ನು ಬಂಡೆಗಳ ಕಡೆ ತಿರುಗಿಸಿ, ಕೊನೇ ಗಳಿಗೆಯಲ್ಲಿ ಪ್ಯಾರಾಚೂಟಿನಲ್ಲಿ ಹಾರಿಕೊಂಡಿದ್ದ. ಆಗ ಇದೊಂದೂ ಯಾರಿಗೂ ತಿಳಿಯದು. ಚನ್ನಯ್ಯ, ಬೈರೇಶ, ಊರಿಗೆ ಊರೇ ಹೊಗೆಯ ಕಡೆ ಓಡಿತು. ವರಲಕ್ಷ್ಮಿ ತವರಿಗೆ ಹೋಗಿದ್ದಳು. ಮಾಯಮ್ಮ ಮಾತ್ರ ಕದಲಲಿಲ್ಲ. ಹುಳುಗಳು ಹಣ್ಣಾಗಿದ್ದವು, ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದರೆ ಅವು ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತವೆ.

ಬಾಗಿಲಲ್ಲಿ ನೆರಳು ಬಿದ್ದಾಗ ತಿರುಗಿ ನೋಡಿದಳು. ಹಸಿರು ಬಟ್ಟೆಯ ಒಬ್ಬ ಹುಡುಗ ಚೌಕಟ್ಟು ಹಿಡಿದು ನಿಂತಿದ್ದ. ಮುಖ ಬಿಳುಚಿಕೊಂಡಿತ್ತು, ಆದರೆ ಎಲ್ಲೂ ರಕ್ತವಿರಲಿಲ್ಲ. ಮೈಯಿಂದ ಸೀಮೆಎಣ್ಣೆ ವಾಸನೆ, ಪಟಾಕಿ ಮದ್ದಿನ ವಾಸನೆ ಎರಡೂ ಗಪ್ಪೆಂದು ಹೊಡೆಯುತ್ತಿದ್ದವು. ಅವನ ಕಣ್ಣು ಮಂಚದ ಮೇಲಿತ್ತು.

"ಅಮ್ಮ, ಬೆನ್ನು ತುಂಬ ನೋಯ್ತಿದೆ. ಸ್ವಲ್ಪ ಹೊತ್ತು ಮಲಗ್ಲಾ?"

ಮಾಯಮ್ಮನಿಗೆ ಕಂಡದ್ದು ಹುಡುಗನಲ್ಲ, ವಾಸನೆ. ಎರಡೂ ಕೈ ಅಡ್ಡ ಹಿಡಿದು ಬಾಗಿಲಿಗೆ ಬಂದಳು.

"ಒಳೀಕ್ ಬರ್ಬ್ಯಾಡ ಕಣಪ್ಪ, ಹುಳ ಹಣ್ಣಾಗವೆ. ಅಗೋ, ಆ ತೆಂಗಿನ ಮರದ್ ತಾವ ರೋಡ್ ಐತೆ. ಒಸಿ ನಡ್ಕೊಂಡ್ ಹೋಗ್ಬುಡು, ಜನ ಸಿಕ್ತಾರೆ."

ಹುಡುಗ ಒಳಗೆ ಒಮ್ಮೆ ನೋಡಿದ. ಚಂದ್ರಿಕೆಗಳ ಮೇಲೆ ಹೊಳೆಯುತ್ತ ಹರಿದಾಡುವ ಹುಳುಗಳನ್ನು ಕಂಡ. ಆಯ್ತಮ್ಮ ಎಂದ. ಕುಡಿಯಲು ನೀರು ಕೇಳಿದ. ಅವಳು ಚೊಂಬನ್ನು ಹೊಸ್ತಿಲ ಆಚೆ ಇಟ್ಟು ಹಿಂದೆ ಸರಿದು ನಿಂತಳು. ಅವನು ಬಗ್ಗಲಾರದೆ, ಗೋಡೆ ಹಿಡಿದು ಮೆಲ್ಲಗೆ ಕುಸಿದು ಚೊಂಬು ಎತ್ತಿಕೊಂಡ. ಕುಡಿದು, ಮತ್ತೆ ಗೋಡೆ ಹಿಡಿದೇ ಎದ್ದು, ಸೊಪ್ಪಿನ ಸಾಲುಗಳ ನಡುವೆ ನಡೆದುಹೋದ. ಮಾಯಮ್ಮ ಸೆರಗಿನಿಂದ ಬಾಗಿಲ ಬಳಿಯ ಗಾಳಿಯನ್ನು ಹೊರಕ್ಕೆ ಬೀಸಿ, ಸುಣ್ಣದ ಪುಡಿ ಚೆಲ್ಲಿ, ಮತ್ತೆ ಹುಳು ಆರಿಸಲು ಕೂತಳು.

ಅವನು ರಸ್ತೆ ಮುಟ್ಟಲಿಲ್ಲ. ಕೊನೆಯ ಬದು ದಾಟುವಾಗ ಕಾಲು ಸ್ವಾಧೀನ ತಪ್ಪಿ ಬಿದ್ದವನನ್ನು ಹೊಗೆ ನೋಡಿ ಹಿಂದಿರುಗುತ್ತಿದ್ದವರು ಕಂಡು, ಟೆಂಪೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಮಾಯಮ್ಮನ ಗೂಡು ಆ ಸಲ ಎಂದಿಲ್ಲದಷ್ಟು ಚೆನ್ನಾಗಿ ಬಂತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಮುಷ್ಟಿ ಮುಷ್ಟಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ತಲೆದೂಗಿದರು.

ಅಷ್ಟರಲ್ಲೇ ಕತೆ ಮುಗಿದಿದ್ದರೆ ಅವಳ ಪಾಡಿಗೆ ಅವಳು ಇರುತ್ತಿದ್ದಳೇನೋ. ಆದರೆ ಕೆಲವು ದಿನಗಳ ಮೇಲೆ ವಾಯುಪಡೆಯ ಜೀಪು ಊರಿಗೆ ಬಂತು. ಅಧಿಕಾರಿಗಳು ಶಾಲೆಯ ಅಂಗಳದಲ್ಲಿ ಮಾಯಮ್ಮನಿಗೆ ಶಾಲು ಹೊದಿಸಿ, ಹಿತ್ತಾಳೆಯ ವಿಮಾನದ ಗೊಂಬೆ ಕೊಟ್ಟರು. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಪೈಲಟ್ ಮೊದಲು ನೆನೆದದ್ದೇ ನಿಮ್ಮನ್ನು, ಹೆಸರು ಗೊತ್ತಿಲ್ಲದೆ ಹುಳುಮನೆಯ ಅಮ್ಮ ನೀರು ಕೊಟ್ಟು ಕಾಪಾಡಿದರು ಅಂದ ಎಂದರು. ಊರವರು ಚಪ್ಪಾಳೆ ತಟ್ಟಿದರು. ಮಾಯಮ್ಮನಿಗೂ ಒಂದು ಗಳಿಗೆ ಹಿಗ್ಗಾಯಿತು, ಸುಳ್ಳೇಕೆ. ಆಮೇಲೆ ಹುಡುಗ ಹೇಗಿದ್ದಾನೆ ಎಂದು ಕೇಳಿದಳು. ಅಧಿಕಾರಿ ಮುಖ ಸಣ್ಣದು ಮಾಡಿಕೊಂಡು ಬೈರೇಶನಿಗೆ ವಿವರಿಸಿದರು. ಹಾರಿಕೊಳ್ಳುವಾಗಿನ ಹೊಡೆತಕ್ಕೆ ಬೆನ್ನುಮೂಳೆ ಬಿರುಕು ಬಿಟ್ಟಿತ್ತಂತೆ, ಅಲುಗಾಡದೆ ಮಲಗಿದ್ದರೆ ಕೂಡಿಕೊಳ್ಳುತ್ತಿತ್ತಂತೆ. ನಡೆದು, ಬಿದ್ದು, ಮೂಳೆ ಜಾರಿಬಿಟ್ಟಿತು. ಸೊಂಟದ ಕೆಳಗೆ ಸ್ಪರ್ಶವಿಲ್ಲ.

ಹೊದ್ದಿದ್ದ ಶಾಲು ಮೈ ಸುಟ್ಟಂತಾಯಿತು. ಆವತ್ತಿನಿಂದ ಅವಳ ನೆಮ್ಮದಿ ಹೋಯಿತು. ಹುಳು ಸಾಯುತ್ತವೆ ಎಂದು ಒಳಗೆ ಬಿಡಲಿಲ್ಲ, ಸರಿ. ಆ ಮಂಚವನ್ನಾದರೂ ಹೊರಗೆ ಎಳೆದು ಹಾಕಬಹುದಿತ್ತಲ್ಲ? ಹೊಂಗೆ ಮರದ ನೆರಳು ನಾಲ್ಕು ಮಾರು ದೂರದಲ್ಲಿತ್ತು. ಹಗುರ ಮಂಚ, ಒಂದು ಕೈಯಲ್ಲಿ ಎಳೆಯಬಹುದು. ಇಷ್ಟು ಸಣ್ಣ ವಿಷಯ ತನಗೆ ಯಾಕೆ ಹೊಳೆಯಲಿಲ್ಲ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಅನ್ನ ಕಲೆಸುವಾಗ ಕೇಳಿಕೊಂಡಳು, ಸೊಪ್ಪು ಕೊಯ್ಯುವಾಗ ಕೇಳಿಕೊಂಡಳು. ಮಗನ ವಯಸ್ಸಿನ ಹುಡುಗ ಅಮ್ಮ ಎಂದು ಕರೆದಿದ್ದ. ಹುಳುಮನೆಯ ಕೆಲಸವನ್ನು ವರಲಕ್ಷ್ಮಿಗೆ ಬಿಟ್ಟಳು. ಅತ್ತೆಗೆ ಯಾವ ಗಾಳಿ ಸೋಕಿತು ಎಂದು ಸೊಸೆ ಕಣ್ಣರಳಿಸಿದಳು.

ಕೊನೆಗೆ ಗಂಡನಿಗೆ ಹೇಳಿದಳು. ಚನ್ನಯ್ಯ ಎದ್ದು ಬಾಗಿಲು ಮುಂದೆ ಮಾಡಿದ. "ಸುಮ್ಕಿದ್ದುಬುಡು. ಆ ಹುಡ್ಗನೇ ಕಾಪಾಡುದ್ರು ಅಂತವ್ನೆ. ನೀನ್ಯಾಕೆ ಇಲ್ಲ ಅಂತೀಯೆ?" ಎಂದ. ಅವಳು ಸುಮ್ಮನಾದಳು. ಸುಮ್ಮನಿದ್ದಷ್ಟೂ ಅದು ಒಳಗೇ ಕೊರೆಯಿತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಕಾರೊಂದು ತೋಟದ ಹತ್ತಿರವೇ ಬಂದು ನಿಂತಿತು. ಇಳಿದವರು ಪೈಲಟ್ ದೀಪುವಿನ ತಾಯಿ ವಿಶಾಲಾಕ್ಷಿ, ಹಾಸನದಲ್ಲಿ ಸ್ಕೂಲು ಮೇಡಮ್ಮಾಗಿದ್ದು ನಿವೃತ್ತಿಯಾದವರು. ಮಾಯಮ್ಮನನ್ನು ಕಂಡವರೇ ಬಗ್ಗಿ ಕಾಲು ಮುಟ್ಟಲು ಬಂದರು. ಮಾಯಮ್ಮ ಬೆಂಕಿ ತುಳಿದವಳಂತೆ ಹಿಂದೆ ಹಾರಿದಳು. ಆ ಹೆಂಗಸು ನಕ್ಕು, ತಾವು ಬಂದದ್ದು ಮಗ ಮಲಗಿದ್ದ ಜಾಗ ನೋಡಿ ಕೈ ಮುಗಿಯಲು ಎಂದರು. ತಾವೇ ಚಪ್ಪಲಿ ಕಳಚಿ, ಕಾಲು ತೊಳೆದು, ಹುಳುಮನೆಯೊಳಗೆ ಬಂದು ಮಂಚದ ಮೇಲೆ ಕೂತು ಹಗ್ಗದ ಮೇಲೆ ಕೈಯಾಡಿಸಿದರು. ಹುಳುಗಳು ಇನ್ನೂ ಎಳೆಯವು, ಸೊಪ್ಪು ತಿನ್ನುವ ಸಣ್ಣ ಸದ್ದು ಮನೆ ತುಂಬಿತ್ತು.

"ಇದೇ ಮಂಚ ಅಲ್ವಾ? ಎಲ್ಲಾ ಹೇಳಿದಾನೆ. ನೀವು ಇಲ್ಲಿ ಮಲಗಿಸಿ, ಏಳ್ಬೇಡಪ್ಪ ಅಂತ ಗೋಗರೆದರಂತೆ. ಇವನೇ ಹಟ ಮಾಡಿ ಎದ್ದು ಹೋದನಂತೆ."

ಮಾಯಮ್ಮನಿಗೆ ತಾನು ಕೇಳಿಸಿಕೊಂಡದ್ದು ಅರ್ಥವಾಗಲು ಹೊತ್ತು ಬೇಕಾಯಿತು. ವಿಶಾಲಾಕ್ಷಿ ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಚಿಕ್ಕಂದಿನಿಂದ ಅವನದು ಅದೇ ಹಟವಂತೆ. ಇವತ್ತಿಗೂ ಅವನ ಮೈ ಒರೆಸುವಾಗ, ಮಗ್ಗುಲು ಬದಲಿಸುವಾಗ ಸಿಟ್ಟು ತಡೆಯಲಾಗದೆ ಬೈದುಬಿಡುತ್ತಾರಂತೆ. ಆ ಹುಳುಮನೆ ತಾಯಿಯ ಮಾತು ಕೇಳಿ ಬಿದ್ದುಕೊಂಡಿದ್ದರೆ ಇವತ್ತು ನಡೆಯುತ್ತಿದ್ದೆ, ನಿನ್ನ ಕೈಯಾರೆ ಕೆಡಿಸಿಕೊಂಡೆ ಎಂದು. ಅವನು ಒಂದು ಮಾತೂ ಎದುರಾಡುವುದಿಲ್ಲವಂತೆ.

ಇಷ್ಟು ದಿನ ತನ್ನ ತಪ್ಪು ತನ್ನ ಹೊಟ್ಟೆಯಲ್ಲೇ ಇದೆ ಎಂದುಕೊಂಡಿದ್ದಳು ಮಾಯಮ್ಮ. ಅದು ಹಾಸನದಲ್ಲಿ ಹಾಸಿಗೆ ಹಿಡಿದ ಹುಡುಗನ ತಲೆಯ ಮೇಲೆ ದಿನವೂ ಬೀಳುತ್ತಿತ್ತು. ಕಾರಿನ ಸದ್ದಿಗೆ ಬಂದಿದ್ದ ಗಂಡ ಬಾಗಿಲಾಚೆಯಿಂದ ಕಣ್ಣಲ್ಲೇ ಬೇಡ ಎಂದ. ಅವಳು ನೆಲದ ಮೇಲೆ ಕೂತಳು.

"ನಿಮ್ ಮಗ ಸುಳ್ ಹೇಳವ್ನೆ ಕಣವ್ವ. ಈ ಮಂಚದ್ ಮ್ಯಾಲೆ ಅವ್ನು ಮನಗ್ಲೇ ಇಲ್ಲ. ಮನಗ್ಲಾ ಅಂತ ಕೇಳ್ದ. ಮೈ ವಾಸ್ನೆಗೆ ಹುಳ ಸಾಯ್ತವೆ ಅಂತ ನಾನೇ ಬುಡ್ನಿಲ್ಲ. ನಡ್ಕೊಂಡ್ ಹೋಗು ಅಂತ ನಾನೇ ಕಳ್ಸ್ದೆ."

ವಿಶಾಲಾಕ್ಷಿ ಅವಳನ್ನೇ ನೋಡಿದರು. ಮುಖದ ಬಣ್ಣ ಇಳಿಯಿತು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಮಾಯಮ್ಮ ಕಾದಳು. ಹೊಡೆದರೆ ಸಾಕು ಎಂದೇ ಕಾದಳು. ಅವರು ಮಂಚದಿಂದ ಎದ್ದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಿಗೆ ಹೋದರು.

"ಎಷ್ಟು ಬೈದಿದೀನಿ ಅವನಿಗೆ," ಎಂದರು. ಆ ಮಾತು ಮಾಯಮ್ಮನಿಗೆ ಹೇಳಿದ್ದಲ್ಲ.

ಮಾಯಮ್ಮ ಅಳುತ್ತ, ನಾನೇ ಬಂದು ಅವನ ಕಾಲು ಹಿಡಿಯುತ್ತೇನೆ, ಇವತ್ತೇ ಬರುತ್ತೇನೆ ಎಂದಳು. ವಿಶಾಲಾಕ್ಷಿ ತಲೆಯಾಡಿಸಿದರು. ಅವರ ದನಿಯಲ್ಲಿ ಸಿಟ್ಟಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

"ಬರಬೇಡಿ. ವಿಮಾನ ಉಳಿಸೋಕೆ ಆಗಲಿಲ್ಲ ಅಂತ ದಿನಾ ಕೊರಗ್ತಾನೆ. ನಿಮ್ಮ ಮರ್ಯಾದೆ ಆದ್ರೂ ಉಳಿಸಿದೀನಿ ಅಂದ್ಕೊಂಡಿರಬೇಕು. ಅದನ್ನೂ ಅವನಿಂದ ಕಿತ್ಕೋಬೇಡಿ. ನನಗೆ ಗೊತ್ತಾಗಿದ್ದು ಅವನಿಗೆ ಗೊತ್ತಾಗಬಾರದು."

ಆಗಲೇ ಅವರ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ದೀಪುವೇ. ವಿಶಾಲಾಕ್ಷಿ ಕಣ್ಣೊರೆಸಿಕೊಂಡು, ಹೂಂ, ಸಿಕ್ಕಿದರು, ಇಲ್ಲೇ ಇದ್ದಾರೆ ಎಂದರು. ಒಂದು ಗಳಿಗೆ ತಡೆದು ಫೋನನ್ನು ಮಾಯಮ್ಮನ ಕಡೆ ಚಾಚಿದರು. ಪರದೆಯಲ್ಲಿ ದಿಂಬಿಗೆ ಒರಗಿದ ಮುಖ. ಆವತ್ತಿಗಿಂತ ಸೊರಗಿತ್ತು, ನಗುತ್ತಿತ್ತು.

"ಅಮ್ಮ, ಚೆನ್ನಾಗಿದೀರಾ? ಆವತ್ತಿನ ಹುಳ ಎಲ್ಲಾ ಉಳ್ಕೊಂಡ್ವಾ?"

ಮಾಯಮ್ಮ ಅವನ ತಾಯಿಯ ಮುಖ ನೋಡಿದಳು. ಅವರು ಸೊಪ್ಪಿನ ಸಾಲುಗಳ ಕಡೆ, ದೂರದ ತೆಂಗಿನ ಮರದ ಕಡೆ ತಿರುಗಿ ನಿಂತಿದ್ದರು.

"ಉಳ್ಕೊಂಡ್ವು ಕಣಪ್ಪ," ಎಂದಳು. "ಒಂದೂ ಸಾಯ್ನಿಲ್ಲ."

ಒಳ್ಳೇದಾಯ್ತಮ್ಮ ಎಂದ ಅವನು. ಅದನ್ನು ಅವನು ಮನಸಾರೆ ಹೇಳಿದ.