ತಂಗಿ ಕಟ್ಟಿದ ಬ್ಯಾಗು

ಇಂಥ ಕತೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಡುವೆಯೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ನಮ್ಮ ಅಟ್ಟೂರಿನಲ್ಲಿ ಹೊಲಗಳಿದ್ದ ಕಾಲದಿಂದಲೂ ದೆವ್ವದ ಸುದ್ದಿಗೆ ಕೊರತೆ ಇರಲಿಲ್ಲ. ಹೊಲಗಳೆಲ್ಲ ಸೈಟುಗಳಾದ ಮೇಲೂ ಅದು ನಿಂತಿಲ್ಲ. ಎಲ್ಲವನ್ನೂ ನಗುತ್ತಾ ಕೇಳಿದವಳು ನಾನು. ದೆವ್ವವನ್ನು ನಂಬುತ್ತೇನೆಂದು ಈಗಲೂ ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಕಂಡದ್ದನ್ನು ಕಂಡಿಲ್ಲ ಎಂದೂ ಹೇಳಲಾರೆ.

ನನ್ನ ತಂಗಿ ರೇಖಾ ಯಶವಂತಪುರದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಅವಳು, ಅಮ್ಮ, ನಾನು ಒಂದೇ ಮನೆಯಲ್ಲಿದ್ದೆವು. ರಜೆ ಸಿಕ್ಕರೆ ಸಾಕು, ಅವಳು ಯಾವುದಾದರೂ ಬೆಟ್ಟ ಹತ್ತುತ್ತಿದ್ದಳು. ಆ ವರ್ಷ ಮೊದಲ ಸಲ ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟಿದ್ದಳು. ಅವಳು ಮಾಡಿಕೊಂಡಷ್ಟು ತಯಾರಿಯನ್ನು ನಾನು ಇನ್ಯಾರಲ್ಲೂ ಕಂಡಿಲ್ಲ. ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು ಬೆಳಗ್ಗೆ ನಮ್ಮ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಹೊಸ ಶೂ ಕಾಲಿಗೆ ಒಗ್ಗಲೆಂದು ಅದನ್ನೇ ಹಾಕಿಕೊಂಡು ಯಲಹಂಕ ಕೆರೆಯ ಸುತ್ತ ನಡೆದಳು. ನೋಡಿದವರು ನಕ್ಕರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಬ್ಯಾಗು ಕಟ್ಟುವಾಗ ನಾನು ಜೊತೆಯಲ್ಲಿ ಕೂತಿದ್ದೆ. ಒದ್ದೆಯಾಗಬಾರದೆಂದು ಪ್ರತಿಯೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿದೆವು. ದಪ್ಪ ಜಾಕೆಟ್, ಉಣ್ಣೆಯ ಕಾಲುಚೀಲ, ರೇನ್‌ಕೋಟು, ಟಾರ್ಚು, ಸಹಾಯಕ್ಕೆ ಕೂಗಲು ಸಾಧ್ಯವಾಗದಿದ್ದರೆ ಊದಲೊಂದು ಸೀಟಿ. ಎತ್ತರದಲ್ಲಿ ಉಸಿರು ಕಟ್ಟಿದರೆ ನುಂಗಬೇಕಾದ ಮಾತ್ರೆಗಳನ್ನು ಡಾಕ್ಟರನ್ನು ಕೇಳಿ ತಂದು ಕೈಗೆ ಸಿಗುವ ಹಾಗೆ ಮೇಲಿನ ಜೇಬಿನಲ್ಲಿಟ್ಟಳು. ಅವಳ ಕೆಂಪು ತುಂಬುತೋಳಿನ ಅಂಗಿಯನ್ನು ನಾನೇ ಸುರುಳಿ ಸುತ್ತಿ ಒಳಗೆ ತುರುಕಿದೆ.

ಆ ಭಾನುವಾರ ಊಟ ಮಾಡಿ ಅವಳು ಕೈಗವಸು ತರಲು ಮಲ್ಲೇಶ್ವರದ ಕಡೆ ಹೋಗಿದ್ದಳು. ನಾನು ಅವಳ ದಾರಿಗೆಂದು ಕಡಲೆಬೀಜದ ಉಂಡೆ ಕಟ್ಟಿ, ಡಬ್ಬಿಗೆ ತುಂಬಿ, ಮಹಡಿಯ ಮೇಲಿದ್ದ ಅವಳ ಕೋಣೆಗೆ ತೆಗೆದುಕೊಂಡು ಹೋದೆ. ಬಾಗಿಲು ತೆರೆದಿತ್ತು. ರೇಖಾ ನನಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದಳು. ಕೂದಲು ಒದ್ದೆಯಾಗಿತ್ತು. ಕಟ್ಟಿದ್ದ ಬ್ಯಾಗಿನಿಂದ ಒಂದೊಂದೇ ಕವರು ತೆಗೆದು ಪಕ್ಕಕ್ಕೆ ಇಡುತ್ತಿದ್ದಳು. ಯಾವಾಗ ಬಂದಳೋ, ಗೇಟಿನ ಸದ್ದೇ ಕೇಳಲಿಲ್ಲವಲ್ಲ ಅಂದುಕೊಂಡೆ. ಮೈಮೇಲೆ ಆ ಕೆಂಪು ಅಂಗಿ ಇತ್ತು. ಮಡಚಿಟ್ಟದ್ದನ್ನೆಲ್ಲ ಕೆದಕಿದಳೆಂದು ನನಗೆ ಸಿಟ್ಟು ಬಂತು.

"ಮತ್ತೆ ಯಾಕೆ ಬಿಚ್ಚಿದೆ ಎಲ್ಲಾನೂ?" ಎಂದು ಕೇಳಿದೆ.

ಅವಳು ತಿರುಗಲಿಲ್ಲ. "ಇದ್ಯಾವ್ದೂ ನನ್ ಹತ್ರ ಇರಲ್ಲ ಅಕ್ಕ" ಎಂದಳು.

ಏನೋ ಹುಚ್ಚು ಮಾತು ಎಂದುಕೊಂಡು ಡಬ್ಬಿಯನ್ನು ಅಲ್ಲೇ ಇಟ್ಟು ಕೆಳಗಿಳಿದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಗೇಟು ಸದ್ದಾಯಿತು. ರೇಖಾ ಒಳಗೆ ಬಂದಳು. ಹಳದಿ ಚೂಡಿದಾರ, ಕೈಯಲ್ಲಿ ಅಂಗಡಿಯ ಕವರು, ಹಣೆಯ ಮೇಲೆ ಬೆವರು. ನಾನು ಮೇಲೆ ಕಂಡದ್ದನ್ನು ಅವಳಿಗೆ ಹೇಳಿದೆ.

ಇಬ್ಬರೂ ಮೇಲೆ ಹೋಗಿ ನೋಡಿದೆವು. ಬ್ಯಾಗು ನಾವು ಕಟ್ಟಿದ ಹಾಗೆಯೇ ಗೋಡೆಗೆ ಒರಗಿತ್ತು. ಉಂಡೆಯ ಡಬ್ಬಿ ನಾನಿಟ್ಟಲ್ಲೇ ಇತ್ತು. ಅವಳೇ ಬ್ಯಾಗು ಬಿಚ್ಚಿ ಕೆಂಪು ಅಂಗಿ ಹೊರತೆಗೆದು ತೋರಿಸಿದಳು. ಅದರ ಸುರುಳಿ ಕೂಡ ಬಿಚ್ಚಿರಲಿಲ್ಲ. ಒಲೆ ಮುಂದೆ ನಿಂತೂ ನಿಂತೂ ನನಗೆ ತಲೆ ತಿರುಗಿದೆ ಎಂದು ನಕ್ಕಳು.

ಅಮ್ಮ ನಗಲಿಲ್ಲ. "ಇಂಗೆಲ್ಲಾ ಕಂಡ್ಮೇಲೆ ಬ್ಯಾಡ ಕಣೇ, ಮುಂದಿನ ವರ್ಷ ಓಗೀವಂತೆ" ಎಂದು ಅವಳ ಕೈ ಹಿಡಿದುಕೊಂಡಳು. ನಾನೂ ಬೇಡವೆಂದೆ. ಅಕ್ಕನ ಕನಸಿಗೆಲ್ಲ ಬ್ಯಾಂಕಿನವರು ಇನ್ನೊಂದು ಸಲ ರಜೆ ಕೊಡುವುದಿಲ್ಲ ಎಂದು ಹೇಳಿ ಅವಳು ಹೊರಟೇಬಿಟ್ಟಳು.

ಮುಂದಿನದನ್ನು ಜೊತೆಗೆ ಹೋಗಿದ್ದ ಆರ್.ಟಿ. ನಗರದ ಹೆಂಗಸೊಬ್ಬರು ಅಳುತ್ತಾ ಹೇಳಿದರು. ಎಲ್ಲಕ್ಕಿಂತ ಎತ್ತರದ ಜಾಗ ದಾಟುವ ದಿನ, ಹೇಗೂ ಬಿಸಿಲಿದೆ, ಬೇಗ ನಡೆಯಲಿ ಎಂದು ಗೈಡ್ ಎಲ್ಲರ ಬ್ಯಾಗುಗಳನ್ನೂ ಹೇಸರಗತ್ತೆಗಳ ಮೇಲೆ ಹೇರಿಸಿ ಮುಂದೆ ಕಳಿಸಿಬಿಟ್ಟನಂತೆ. ರೇಖಾ ತನ್ನದನ್ನು ತಾನೇ ಹೊರುತ್ತೇನೆಂದಳಂತೆ. ನಿಮ್ಮೊಬ್ಬರಿಂದ ಎಲ್ಲರಿಗೂ ತಡ ಎಂದು ಅವನು ಗದರಿದನಂತೆ. ಮಧ್ಯಾಹ್ನ ಆಲಿಕಲ್ಲು ಬಿದ್ದು, ಆಮೇಲೆ ಹಿಮ ಸುರಿಯಿತು. ಇವಳು ಉಸಿರು ಸಾಲದೆ ಹಿಂದೆ ಬಿದ್ದಳು. ಗೈಡ್ ಮುಂದಿನವರ ಜೊತೆಗಿದ್ದ. ಆ ಹೆಂಗಸು, ಯಾರನ್ನಾದರೂ ಕಳಿಸುತ್ತೇನೆ ಎಂದು ಹೇಳಿ ಮುಂದೆ ಹೋದರು. ಹೋದವರು ಕಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ರೇಖಾ ಒಂದು ಬಂಡೆಯ ಮಗ್ಗುಲಲ್ಲಿ ಸಿಕ್ಕಳು. ಜಾಕೆಟ್ ಇಲ್ಲ, ಕೆಂಪು ಅಂಗಿಯೊಂದೇ ಮೈಮೇಲೆ.

ಅವಳ ಹಿಂದೆಯೇ ಬ್ಯಾಗೂ ಮನೆಗೆ ಬಂತು. ಮಾತನಾಡಲು ಬಂದ ಚಾರಣ ಸಂಸ್ಥೆಯ ಮನುಷ್ಯ ನಮ್ಮ ಹಾಲಿನಲ್ಲಿ ಕೂತು, ಕೆಲವರು ಸರಿಯಾದ ತಯಾರಿ ಇಲ್ಲದೆ ಬಂದುಬಿಡುತ್ತಾರೆ ಮೇಡಂ, ಎಂದ. ನಾನು ಬ್ಯಾಗು ತಂದು ಅವನ ಕಾಲ ಬುಡದಲ್ಲೇ ಬಿಚ್ಚಿದೆ. ಜಾಕೆಟ್ಟು ಕವರಿನೊಳಗೆ ಒಂದಿಷ್ಟೂ ಒದ್ದೆಯಾಗದೆ ಇತ್ತು. ಮಾತ್ರೆಯ ಪಟ್ಟಿಯಿಂದ ಒಂದನ್ನೂ ತೆಗೆದಿರಲಿಲ್ಲ. ಅವನು ಎಲ್ಲವನ್ನೂ ನೋಡಿದ, ಕಾಫಿ ಮುಗಿಸಿದ, ಎದ್ದು ಹೋದ. ಅವರ ಚಾರಣಗಳು ಈಗಲೂ ನಡೆಯುತ್ತಿವೆ. ಹಿಮದಲ್ಲಿ ನಗುವ ಫೋಟೋಗಳು ನನ್ನ ಫೋನಿಗೂ ಬರುತ್ತವೆ.

ನನಗೆ ದಣಿವಿನಿಂದ ಭ್ರಮೆಯಾಗಿತ್ತು ಎಂದರು ಒಬ್ಬ ಡಾಕ್ಟರು. ಅದು ಮುನ್ಸೂಚನೆ ಎನ್ನುತ್ತಾರೆ ಬೀದಿಯವರು. ಮುನ್ಸೂಚನೆಯಾದರೆ ಎಂಥ ಮುನ್ಸೂಚನೆ ಅದು? ಬ್ಯಾಗು ಕೈಬಿಡಬೇಡ ಎಂದು ನೇರವಾಗಿ ಹೇಳಬಾರದಿತ್ತೇ? ಏನೂ ಮಾಡಲಾಗದ ನನಗೆ ಕಾಣಿಸುವ ಬದಲು ಆ ಗೈಡಿಗೆ ಕಾಣಿಸಬಾರದಿತ್ತೇ? ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ನನಗೆ ಗೊತ್ತಿಲ್ಲ.

ಅಮ್ಮನಿಗೆ ಡಾಕ್ಟರೂ ಬೇಡ, ಬೀದಿಯವರೂ ಬೇಡ. ಅವಳದು ಒಂದೇ ಪ್ರಶ್ನೆ. ಸೊಪ್ಪು ಬಿಡಿಸುತ್ತಾ ಕೂತವಳು ಇದ್ದಕ್ಕಿದ್ದಂತೆ ಕೇಳುತ್ತಾಳೆ: "ಅವತ್ತು ಮಾತಾಡ್ದಾಗ ಅವ್ಳ ದನಿ ಚಳೀಗೆ ನಡುಗ್ತಿತ್ತೇನೇ?"

ಇಲ್ಲ ಎನ್ನುತ್ತೇನೆ. ನಡುಗುತ್ತಿತ್ತೋ ಇಲ್ಲವೋ, ಎಷ್ಟು ನೆನೆಸಿಕೊಂಡರೂ ನನಗೆ ತಿಳಿಯುತ್ತಿಲ್ಲ.